ಗನಿಯಾಳ ಮಂಡಿಗೆ ಹಾಕಿದ ಬರೆ

ನಿಜ್ವಾ ಪಟ್ಟಣದಾಚೆಯ ಹಳ್ಳಿಯಲ್ಲಿ ಗನಿಯಾ ಇಪ್ಪತ್ತೆಂಟು ವರ್ಷ ನೆಲದ ಮೇಲೆ ಕೂತು ಕೇರಿಯ ಮಕ್ಕಳಿಗೆ ಕುರಾನ್ ಓದಲು ಕಲಿಸಿದವಳು. ಅರವತ್ತು ತುಂಬುವ ಹೊತ್ತಿಗೆ ಬಲಮಂಡಿ ಸವೆದು, ನಮಾಜಿಗೂ ಕುರ್ಚಿ ಬೇಕಾಯಿತು. ಮಕ್ಕಳೆದುರು ನರಳಬಾರದೆಂದು ಅವರು ಬರುವ ಮೊದಲೇ ಗೋಡೆ ಹಿಡಿದು ಚಾಪೆ ಹಾಸಿಬಿಡುತ್ತಿದ್ದಳು.

ನೋವು ಹೆಚ್ಚಾದಾಗಲೆಲ್ಲ ಅಣ್ಣ ಮುಹನ್ನಾ ಬರುತ್ತಿದ್ದ. ಸುತ್ತಲಿನ ಹಳ್ಳಿಗಳಿಗೆಲ್ಲ ಬರೆ ಹಾಕುವವನು ಅವನೇ. ಸೊಂಟನೋವಿಗೂ ಕಾಯಿಸಿದ ಕಬ್ಬಿಣ, ಹಸುಗೂಸಿನ ಕಾಮಾಲೆಗೂ ಅದೇ. ಯಾರಿಂದಲೂ ಒಂದು ಖರ್ಜೂರ ಸಹ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಜನಕ್ಕೆ ಅವನ ಮೇಲೆ ಅಪಾರ ನಂಬಿಕೆ.

ಮಸ್ಕತ್ತಿನಲ್ಲಿ ನರ್ಸ್ ಆಗಿದ್ದ ಗನಿಯಾಳ ಮಗಳು ಶುರೂಕ್, ತನ್ನ ಆಸ್ಪತ್ರೆಯಲ್ಲಿ ಮಂಡಿ ಸವೆತಕ್ಕೆ ಸ್ಟೆಮ್ ಸೆಲ್ ಎನ್ನುವ ಕಾಂಡಕೋಶದ ಚುಚ್ಚುಮದ್ದನ್ನು ಪರೀಕ್ಷಿಸುತ್ತಿದ್ದಾರೆಂದು ತಿಳಿದು ಅಮ್ಮನ ಹೆಸರು ಬರೆಸಿದಳು. ಹೊರಡಲು ನಾಲ್ಕು ದಿನವಿರುವಾಗ ಮುಹನ್ನಾ ಬಂದ.

"ಊರಿಗೆಲ್ಲ ಬರೆ ಹಾಕೋನು ತನ್ನ ತಂಗೀನ ಸೂಜಿಗೆ ಒಪ್ಪಿಸಿದ ಅಂದ್ರೆ ಜನ ಏನಂತಾರೆ?"

ಹಿರಿಯಣ್ಣನಿಗೆ ಎದುರಾಡಲಾರದೆ ಗನಿಯಾ ಕಾಲು ಚಾಚಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಬುಥೈನಾ ಮಂಡಿಗೆ ಸುತ್ತಿದ ಬಟ್ಟೆ ಬಿಚ್ಚಿ ನೋಡಿದಾಗ ಬರೆ ಕೀವಾಗಿತ್ತು. "ಈ ಚರ್ಮದ ಮೇಲೆ ಸೂಜಿ ಚುಚ್ಚಿದ್ರೆ ಕೀವು ಕೀಲಿನೊಳಗೇ ಹೋಗತ್ತಮ್ಮ. ಕಾಲೇ ಹೋಗಬಹುದು," ಎಂದರು. ಗನಿಯಾ ಜ್ವರದಿಂದ ಹನ್ನೆರಡು ದಿನ ಮಲಗಿದಳು. ಶುರೂಕ್ ಸಿಟ್ಟಿನಿಂದ ಕುದಿಯುತ್ತಿದ್ದಳು.

"ಮಾವನ್ನ ಬೈಬೇಡ," ಎಂದಳು ತಾಯಿ. "ಕಾಲು ಚಾಚಿದ್ದು ನಾನು."

ಗಾಯ ಮಾಗಲು ನಾಲ್ಕು ತಿಂಗಳು ಹಿಡಿಯಿತು. ಬುಥೈನಾ ಮತ್ತೆ ಸರದಿ ಕೊಟ್ಟು, ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು: ಎಲುಬಿನ ಮಜ್ಜೆಯಿಂದ ನಿಮ್ಮದೇ ಕೋಶ ತೆಗೆದು ಮಂಡಿಗೆ ಹಾಕುತ್ತೇವೆ, ಕೆಲವರಿಗೆ ನೋವು ಇಳಿಯುತ್ತದೆ, ಕೆಲವರಿಗೆ ಇಲ್ಲ, ಸವೆದದ್ದು ಮತ್ತೆ ಬೆಳೆಯುತ್ತದೆಂದು ಹೇಳಲಾರೆವು, ಅದಕ್ಕೇ ಈ ಪರೀಕ್ಷೆ. ಗನಿಯಾಳಿಗೆ ಆ ಮಾತು ಹಿಡಿಸಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ವೈದ್ಯರನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

ಚುಚ್ಚುಮದ್ದಿಗೆಂದು ಹಳ್ಳಿಯಿಂದ ಹೊರಡುವ ಮುನ್ನ ಮುಹನ್ನಾ ಮತ್ತೆ ಕೆಂಡದ ಒಲೆ ಹಿಡಿದು ಬಂದ. ಅಂಗಳದಲ್ಲಿ ನೆರೆಮನೆಯ ಹೆಂಗಸರು ಕಾಫಿ ಕುಡಿಯುತ್ತಿದ್ದರು. ಗನಿಯಾ ಉಡುಪನ್ನು ಪಾದದವರೆಗೆ ಎಳೆದುಕೊಂಡಳು.

"ಬೇಡಣ್ಣ. ಹನ್ನೊಂದು ವರ್ಷದಿಂದ ಹಾಕ್ತಿದ್ದೀಯ. ವಾಸಿಯಾಯ್ತು ಅಂತ ನಾನು ಒಂದು ಸಲನಾದ್ರೂ ಹೇಳಿದ್ದು ಕೇಳಿದ್ದೀಯಾ?"

ಹೆಂಗಸರು ಬಟ್ಟಲು ಕೆಳಗಿಟ್ಟರು. ಮುಹನ್ನಾ ಒಲೆ ಎತ್ತಿಕೊಂಡು ಹೊರಟುಹೋದ.

ಚುಚ್ಚುಮದ್ದಾಗಿ ಆರು ತಿಂಗಳಿಗೆ ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಗನಿಯಾ ಅರ್ಧ ಗಂಟೆ ಮಕ್ಕಳ ಜೊತೆ ಚಾಪೆಯ ಮೇಲೆ ಕೂರಬಲ್ಲವಳಾಗಿದ್ದಳು. ಕೇಳಿದವರಿಗೆಲ್ಲ ಅಷ್ಟನ್ನೇ ಹೇಳುತ್ತಿದ್ದಳು, ಒಂದಿಷ್ಟೂ ಹೆಚ್ಚಿಸದೆ.

ಒಂದು ಮಧ್ಯಾಹ್ನ ಮುಹನ್ನಾ ಬರಿಗೈಲಿ, ಕೋಲೂರಿಕೊಂಡು ಬಂದ. ಕೋಲನ್ನು ಪಕ್ಕಕ್ಕಿಟ್ಟು ಕೂತು, ನಿಲುವಂಗಿಯನ್ನು ಮಂಡಿಯ ಮೇಲಕ್ಕೆತ್ತಿದ. ಎರಡೂ ಮಂಡಿಗಳ ಮೇಲೆ ಬರೆಯ ಮೇಲೆ ಬರೆ. ಹಳೆಯವು ಬೆಳ್ಳಗೆ, ಹೊಸವು ಕಪ್ಪಗೆ.

"ನಾನೇ ಹಾಕ್ಕೊಂಡಿದ್ದು," ಎಂದ.

"ಕಡಿಮೆ ಆಯ್ತಾ ಅಣ್ಣ?"

"ಒಂದು ದಿನಾನೂ ಇಲ್ಲ. ನನಗೇ ನಂಬಿಕೆ ಹೋದ್ರೆ, ನನ್ನ ನಂಬಿ ಬರೋ ಜನ ಎಲ್ಲಿಗೆ ಹೋಗ್ತಾರೆ ಅಂತ ಬಾಯಿ ಮುಚ್ಕೊಂಡಿದ್ದೆ."

ಗನಿಯಾ ಬೈಯಲಿಲ್ಲ. ಅಣ್ಣ ಇದನ್ನು ಬಾಯಿಬಿಟ್ಟು ಹೇಳಿದ್ದೇ ಅವಳಿಗೆ ದೊಡ್ಡದಾಗಿ ಕಂಡಿತು. ಶುರೂಕ್‌ಗೆ ಫೋನ್ ಮಾಡಿ, ಮಾವನನ್ನೂ ಡಾಕ್ಟರಿಗೆ ತೋರಿಸಬೇಕೆಂದು ಹೇಳಿದಳು. ಆಮೇಲೆ ಅಣ್ಣನತ್ತ ತಿರುಗಿದಳು.

"ನಾಳೆ ಯಾರಾದ್ರೂ ಕೂಸನ್ನೆತ್ಕೊಂಡು ಬರೆ ಹಾಕಿಸೋಕೆ ಬಂದ್ರೆ, ಈ ಮಂಡಿ ತೋರ್ಸಿ ಆಸ್ಪತ್ರೆಗೆ ಕಳಿಸು."