ನಡುಗೆರೆ

ಸುಂದ್ರವ್ವ ಬಟ್ಟೆ ಒಗೆಯುವ ಬಂಡೆಯ ಮೇಲೆ ಹಿಡಿ ಮರಳು ಚೆಲ್ಲಿ, ಸಾಣೆಕಲ್ಲನ್ನು ಬೋರಲು ಹಾಕಿ ಉಜ್ಜುತ್ತಿದ್ದಳು. ಸೊಸೆ ಸಪನಾ ತಂಬಿಗೆಯಿಂದ ನೀರು ಹನಿಸುತ್ತಿದ್ದಳು. ಮುಂದೆ ಪಡಸಾಲೆಯಲ್ಲಿ ಜ್ಞಾನದೇವನ ಹೆಣಕ್ಕೆ ಮಾಲೆ ಹಾಕಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಗಂಡನ ಹೆಣದ ಮುಂದೆ ಕೂತು ಅಳುವುದು ಬಿಟ್ಟು ಹಿತ್ತಲಲ್ಲಿ ಕಲ್ಲು ತಿಕ್ಕುತ್ತಾಳಲ್ಲ ಎಂದು ಉಗಾರ ಬುದ್ರುಕದಲ್ಲಿ ಯಾರೂ ಆಡಿಕೊಳ್ಳಲಿಲ್ಲ. ಕ್ಷೌರಿಕರ ಆ ಮನೆತನದ ರೂಢಿ ಎಲ್ಲರಿಗೂ ಗೊತ್ತಿತ್ತು. ಸತ್ತವನ ವಸ್ತರಾದಿಂದಲೇ ಮಗನ ತಲೆ ಬೋಳಿಸಬೇಕು, ಆಮೇಲೆಯೇ ಹೆಣ ಎತ್ತಬೇಕು.

ವಸ್ತರಾ ಎಂದರೆ ಹಳೆಯ ಕಾಲದ ಮಡಚುವ ಕತ್ತಿ. ಅಂಗಡಿಗೆ ಬಳಸಿ ಬಿಸಾಡುವ ಬ್ಲೇಡು ಬಂದ ಮೇಲೆ ಅದು ಡಬ್ಬಿ ಸೇರಿ ಮೊಂಡಾಗಿತ್ತು. ಮಸೆಯೋಣವೆಂದರೆ ಕಲ್ಲು ನಡುವೆ ತಗ್ಗು ಬಿದ್ದಿತ್ತು. ತಗ್ಗುಗಲ್ಲಿನ ಮೇಲೆ ಮಸೆದ ಅಲಗು ಕೂದಲನ್ನು ಕೊಯ್ಯುವುದಿಲ್ಲ, ಜಗ್ಗುತ್ತದೆ. ಅದಕ್ಕೇ ಮೊದಲು ಕಲ್ಲಿನ ಮೈಮೇಲೆ ಇದ್ದಿಲಿನಿಂದ ಗೆರೆ ಎಳೆದು ಬಂಡೆಗೆ ಉಜ್ಜಬೇಕು. ಅಂಚಿನ ಗೆರೆಗಳು ಬೇಗ ಹೋಗುತ್ತವೆ. ತಗ್ಗಿನಲ್ಲಿ ಕೂತ ನಡುಗೆರೆ ಮಾತ್ರ ಹಟಮಾರಿ. ಅದೂ ಅಳಿದರೆ ಕಲ್ಲು ಸಪಾಟಾಯಿತು ಎಂದು ಲೆಕ್ಕ. ಮದುವೆಯಾದಾಗಿನಿಂದ ಆ ಕೆಲಸ ಸುಂದ್ರವ್ವನ ಪಾಲಿಗೇ ಬಂದಿತ್ತು.

ಸಪನಾ ನೀರು ಹಾಕಲು ಬಗ್ಗಿದಾಗ ಸೆರಗು ಜಾರಿತು. ತೋಳಿನ ಮೇಲೆ ಬಾಸುಂಡೆ ಎದ್ದಿತ್ತು. ಅದರ ತುದಿಯಲ್ಲಿ ಕೊಂಡಿಯ ಗುರುತು. ಅದು ಕತ್ತಿ ನೀವುವ ಚರ್ಮದ ಪಟ್ಟಾದ್ದು ಎಂದು ಸುಂದ್ರವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ಬೆನ್ನಿನ ತುಂಬ ಅದೇ ಅಗಲದ ಹಳೆಯ ಗುರುತುಗಳಿದ್ದವು.

"ಯಾವಾಗ?"

"ನಿನ್ನಿ. ನೀವು ಔಷಧ ತರಾಕ ಹೋಗಿದ್ರಿ. ಗಂಜಿ ಆರಿತ್ತರಿ." ಸಪನಾ ಸೆರಗು ಸರಿ ಮಾಡಿಕೊಂಡಳು. "ಮಾವಾರಿಗೆ ಮಾತು ನಿಂತಿತ್ತಲ್ಲರಿ... ಗ್ವಾಡಿ ಮ್ಯಾಲಿನ ಪಟ್ಟಾದ ಕಡೆ ಕೈ ಮಾಡಿ ಇವರಿಗೆ ತೋರ್ಸಿದ್ರು."

ಸುಂದ್ರವ್ವನ ಕೈ ನಿಂತಿತು. ಸಾಯುವ ಮುದುಕ ಮಗನಿಗೆ ಕೊಟ್ಟು ಹೋದದ್ದು ಇದು. ಇಷ್ಟು ದಿನ ತಾನೊಬ್ಬಳು ಉಂಡದ್ದು ತನ್ನೊಂದಿಗೇ ತೀರುತ್ತದೆ ಎಂದು ಅವಳು ನಂಬಿಕೊಂಡಿದ್ದಳು. ಪಟ್ಟಾ ಈ ಮನೆಯಲ್ಲಿ ಉಳಿಯಬಾರದು ಎಂದುಕೊಂಡಳು.

ಕಲ್ಲು ಮಗುಚಿ ನೋಡಿದಳು. ನಡುಗೆರೆ ಇನ್ನೂ ಇತ್ತು.

"ಸಾಕು," ಅಂದಳು.

*

ಮದುವೆಯಾದ ವರ್ಷ ಇಂಥದೇ ಒಂದು ನಡುಗೆರೆ ಉಳಿದಿತ್ತು. ಜ್ಞಾನದೇವ ಕಲ್ಲನ್ನು ಬಿಸಿಲಿಗೆ ಹಿಡಿದು ನೋಡಿದ, ಗೋಡೆಯ ಪಟ್ಟಾ ತೆಗೆದ. ಅವಳು ಇದೇ ಬಂಡೆಯ ಮೇಲೆ ಬಿದ್ದಳು. ಹಲ್ಲು ತುಟಿಯೊಳಗೆ ಹೊಕ್ಕು ಬಾಯಿ ತುಂಬ ರಕ್ತ ಬಂತು.

ಗಂಡನ ಚಿಕ್ಕಪ್ಪನ ಮಗ ಬಾಪುಸಾಹೇಬ ಅಂಗಡಿಯಿಂದ ಓಡಿ ಬಂದು ಅಡ್ಡ ನಿಂತ. ಒಂದು ಗೆರೆಗಾಗಿ ಅತ್ತಿಗೆಯನ್ನು ಕೊಲ್ಲುತ್ತೀಯಾ ಎಂದು ಕೇಳಿದ. ಜ್ಞಾನದೇವ ಅವನ ಬಲಗೈಯನ್ನು ಬಂಡೆಗೆ ಒತ್ತಿ ಹಿಡಿದು ಅದೇ ಕಲ್ಲಿನಿಂದ ಜಜ್ಜಿದ. ಎಲುಬು ಮುರಿದ ಸದ್ದು ಸುಂದ್ರವ್ವನಿಗೆ ಚೆನ್ನಾಗಿ ಕೇಳಿಸಿತು. ಕಲ್ಲಿನ ಮೂಲೆಯೂ ಅವತ್ತೇ ಸಿಡಿಯಿತು.

ಆ ಸಂಜೆ ಜ್ಞಾನದೇವ ಯಾರದೋ ಮನೆಯ ಮಲಗಿದ ಕೂಸಿನ ಜವಳ, ಹುಟ್ಟುಗೂದಲು, ತೆಗೆದ. ಕೂಸಿಗೆ ಎಚ್ಚರವಾಗಲಿಲ್ಲವಂತೆ.

*

ಅಂಗಳದಲ್ಲಿ ಕೂತವರು ಈಗಲೂ ಅದನ್ನೇ ಆಡಿಕೊಳ್ಳುತ್ತಿದ್ದರು. ಏನು ಕೈ ಅದು, ಬೆಣ್ಣೆಯಂಥ ಕೈ, ಅಂಥ ಹಗುರ ಕೈ ಕಾಗವಾಡದ ತನಕ ಹುಡುಕಿದರೂ ಸಿಗಲಿಕ್ಕಿಲ್ಲ ಎಂದು. ಸತ್ತವನ ಗುಣ ಹೊಗಳುವುದಕ್ಕೆ ಯಾರ ಗಂಟು ಹೋಗುತ್ತದೆ!

ಮಗ ಸಂಭಾಜಿ ಮಣೆಯ ಮೇಲೆ ಕೂತು ಪಟ್ಟಾದ ಒಂದು ತುದಿ ಹಿಡಿದಿದ್ದ. ವಸ್ತರಾ ಹಿಡಿಯಬಲ್ಲವನೆಂದರೆ ಈಗ ಊರಿನಲ್ಲಿ ಬಾಪುಸಾಹೇಬನೊಬ್ಬನೇ. ಅವನ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕಲ್ಲು ಕೈಗೆ ಬಂದಾಗ ಅವನು ನಡುಗೆರೆ ನೋಡಿದ, ತಲೆಯೆತ್ತಿ ಸುಂದ್ರವ್ವನನ್ನು ನೋಡಿದ. ಅದರ ಮೇಲೆಯೇ ಮಸೆದು, ಪಟ್ಟಾಕ್ಕೆ ನೀವಿ, ಸಂಭಾಜಿಯ ಹಣೆಯ ಮೇಲಿಂದ ಎಳೆದ.

ಅಲಗು ಕೂದಲನ್ನು ಬುಡಸಮೇತ ಜಗ್ಗಿತು. ಸಂಭಾಜಿ ಚೀರಿದ. ಎರಡನೆಯ ಸಲ ಎಳೆದಾಗ ಕಿವಿಯ ಮೇಲೆ ರಕ್ತ ಜಿನುಗಿತು. ಮೂರನೆಯದಕ್ಕೆ ಅವನು ಬಾಪುಸಾಹೇಬನ ಎದೆಗೆ ಒದ್ದ. ಮುದುಕ ಅಂಗಾತ ಬಿದ್ದ, ವಸ್ತರಾ ಕಲ್ಲಿನ ಮೇಲೆ ಬಿತ್ತು. ಸಂಭಾಜಿ ಪಟ್ಟಾ ಬೀಸಿ ಎದ್ದು ನಿಂತ. ಕೂತವರೆಲ್ಲ ನೆಲ ನೋಡಿದರು. ಆ ಮನೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂಬುದು ಅವರಿಗೆ ಹೊಸದಲ್ಲ.

ಸುಂದ್ರವ್ವ ವಸ್ತರಾ ಎತ್ತಿಕೊಂಡಳು.

ಹೆಂಗಸರು ಅದನ್ನು ಮುಟ್ಟಬಾರದು ಎಂದು ಪಕ್ಕದ ಮನೆಯ ರುಕ್ಮವ್ವ ನೆನಪು ಮಾಡಿದಳು.

"ಕಲ್ಲು ತಿಕ್ಕಾಕ ಆಗ್ತೈತಿ, ವಸ್ತರಾ ಹಿಡಿಯಾಕ ಆಗೂದಿಲ್ಲೇನು?" ಎಂದು ಸುಂದ್ರವ್ವ ಮಗನ ಹೆಗಲೊತ್ತಿ ಕೂರಿಸಿದಳು. ಒಳಗೆ ಹೆಣ ಬಿಸಿಲ ಝಳಕ್ಕೆ ಕೆಡುತ್ತಿತ್ತು, ಮಂದಿ ಕಾಯುತ್ತಿದ್ದರು. ಸಂಭಾಜಿ ಪಟ್ಟಾ ತೊಡೆಯ ಮೇಲಿಟ್ಟುಕೊಂಡು ಹಲ್ಲು ಕಚ್ಚಿ ಕೂತ. ಅವಳು ಅರ್ಧ ತಲೆ ಬೋಳಿಸಿದಳು. ಅಲ್ಲಲ್ಲಿ ತೊಗಲು ಎದ್ದು ರಕ್ತ ಕತ್ತಿನವರೆಗೆ ಹರಿದಿತ್ತು. ಅವಳು ಎಡಗೈಯಿಂದ ಅವನ ತಲೆ ಬಗ್ಗಿಸಿ, ಅಲಗನ್ನು ಕಿವಿಯ ಕೆಳಗೆ, ನರ ಬಡಿಯುವ ಜಾಗದಲ್ಲಿ ಇಟ್ಟು ನಿಲ್ಲಿಸಿದಳು.

"ಸಪನಾಗ ಹೊಡದಿ."

"ಅಪ್ಪಾ ತೋರ್ಸಿದ."

"ಅಪ್ಪಾ ಹೊಂಟಾನ. ಪಟ್ಟಾ ಅವನ ಜೋಡಿ ಹೋಗಲಿ."

"ಬೇ, ತಲಿ ಕೆಟ್ಟೈತೇನ ನಿಂಗ?" ಅವನು ಏಳಲು ನೋಡಿದ. ಅಲಗು ಒಂದು ಎಳೆ ಚರ್ಮ ಸೀಳಿತು. ಅವನು ಹಾಗೇ ಕೂತ.

"ಅಲುಗಬ್ಯಾಡ," ಸುಂದ್ರವ್ವ ಮೆಲ್ಲಗೆ ಅಂದಳು. "ಕಲ್ಲಿನ ನಡುಗೆರಿ ಬೇಕಂತನ ಬಿಟ್ಟೀನಿ. ಇದು ಕೊಯ್ಯೂದಿಲ್ಲ ಮಗಾ, ಹರೀತೈತಿ."

ಹೆತ್ತ ಮಗನ ಕುತ್ತಿಗೆಯ ಮೇಲೆ ಕತ್ತಿಯಿಟ್ಟ ತಾಯಿಗೆ ಅಳು ಬರುತ್ತಿತ್ತು, ಆದರೆ ಅಲಗನ್ನು ಅಲ್ಲಿಂದ ತೆಗೆಯಲಿಲ್ಲ. ಅವಳು ಮಾಡಿಯೇಬಿಡುತ್ತಾಳೆ ಎಂದು ಸಂಭಾಜಿಗೆ ಆಗ ಖಾತ್ರಿಯಾಯಿತು. ತೊಡೆಯ ಮೇಲಿನ ಪಟ್ಟಾವನ್ನು ಮುಂದೆ ಚಾಚಿದ.

ಬಾಪುಸಾಹೇಬ ಎದೆ ಹಿಡಿದುಕೊಂಡೇ ಎದ್ದು ಬಂದ. ಅದನ್ನು ತನ್ನ ಸೆಟೆದ ಬೆರಳುಗಳ ನಡುವೆ ತೆಗೆದುಕೊಂಡು, ಒಳಗೆ ಹೋಗಿ, ಜ್ಞಾನದೇವನ ಮಾಲೆಯ ಕೆಳಗೆ ತುರುಕಿದ. ಸುಂದ್ರವ್ವ ಉಳಿದರ್ಧ ತಲೆಯನ್ನೂ ಬೋಳಿಸಿ ಮುಗಿಸಿದಳು.

ಹೆಣ ಕೃಷ್ಣೆಯ ದಂಡೆಗೆ ಹೋಯಿತು. ಹೆಂಗಸರು ಮನೆ ತೊಳೆಯತೊಡಗಿದರು. ಸಪನಾ ರಕ್ತವಾದ ಕಲ್ಲನ್ನು ತೊಳೆದು ತಂದು, ಇದನ್ನು ಎಲ್ಲಿ ಇಡಲಿ ಎಂದು ಕೇಳಿದಳು. ಹಿತ್ತಲಿನ ನೀರಿನ ಹಂಡೆ ಬಹಳ ದಿನದಿಂದ ಒಂದು ಕಡೆ ವಾಲಿ ಅಲುಗಾಡುತ್ತಿತ್ತು. ಸುಂದ್ರವ್ವ ಹಂಡೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. ಸಪನಾ ಅದರ ಕೆಳಗೆ ಕಲ್ಲನ್ನು ಸರಿಸಿದಳು, ನಡುಗೆರೆ ಮೇಲಾಗಿ.