ಕುಳ್ಳಿನ ಮೇಲಿನ ಎಡಗೈ

ಬೂದಿ ಬಿದ್ದಲ್ಲೇ ಅಂಟಿಕೊಳ್ಳುತ್ತಿದೆ, ಎಲೆಯ ಮೇಲೆ ಅಷ್ಟು ಮಂಜಿನ ನೀರು, ಅವರೆಬಳ್ಳಿಯ ಕುಡಿಗೆಲ್ಲ ಕಪ್ಪು ಹೇನು ಮುತ್ತಿಕೊಂಡಿದೆ, ಪುಷ್ಯ ಮಾಸ ಬಂತೆಂದರೆ ಇದೇ ಗೋಳು, ಕೆರೆ ಏರಿಯ ಹಿಂದೆ ಮನೆ ಕಟ್ಟಿಕೊಂಡ ಮೇಲೆ ಬೆಳಿಗ್ಗೆ ಎಂಟಾದರೂ ಹಿತ್ತಲು ಆರುವುದಿಲ್ಲ — ಮಳೆ ಚೆನ್ನಾಗಿ ಆಗಿ ಕೆರೆ ತುಂಬಿದ ವರ್ಷವಂತೂ ಬಿ.ಜಿ. ಕೆರೆ ಊರಿನ ಚಳಿಯೆಲ್ಲ ಈ ಹಿತ್ತಲಿಗೇ ಬಂದು ಮಲಗುತ್ತದೆ. ದಾಕ್ಷಾಯಿಣಿ ಬಕೆಟ್ಟಿನಿಂದ ಇನ್ನೊಂದು ಹಿಡಿ ಬೂದಿ ತೆಗೆದು ಉದುರಿಸಿದಳು, ಬೆಚ್ಚಗಿತ್ತು, ಬೆಳಗಿನ ನೀರೊಲೆಯದು, ಇವತ್ತೂ ಹಿತ್ತಲೇನೇ ನಿಂಗೆ, ಒಲೆಯಾಗಿನ ಬೂದಿ ಪೂರಾ ತೆಗ್ದು ಇನ್ನೊಂದು ಹಂಡೆ ನೀರು ಕಾಯ್ಸು, ಐನೋರು ಬರೋ ಹೊತ್ತಾತು — ಗಂಡ ಮಲ್ಲಿಕಾರ್ಜುನಪ್ಪ ಆಗಲೇ ಎರಡು ಸಲ ಕೂಗಿದ್ದಾರೆ, ಕೂಗಲಿ, ಇವತ್ತು ಮಗಳ ವರ್ಷದ ಪೂಜೆ, ಇವತ್ತಲ್ಲದೆ ಇನ್ಯಾವತ್ತು ಹಿತ್ತಲಿಗೆ ಬರಬೇಕು, ಇದು ಅವಳ ಹಿತ್ತಲು, ದೀಪಿಕಾಳದು, ಮೂಲಂಗಿ ಮಡಿಗೂ ಮೆಂತ್ಯದ ಮಡಿಗೂ ನಡುವೆ ಇಟ್ಟಿಗೆ ಜೋಡಿಸಿದವಳು ಅವಳೇ, ಎಂಟು ದಿನದ ಜ್ವರಕ್ಕೆ ಹೋಯಿತು ಮಗು, ಹತ್ತೊಂಬತ್ತಾಗಿದ್ದರೇನು, ಮಗುವೇ. ಅವಳು ಹೋದ ಮೇಲೆ ಇಲ್ಲಿ ಮುಳ್ಳುಗಿಡ ಬೆಳೆದು ನಿಂತಿತ್ತು, ಯಾರಿಗೆ ಬೇಕಿತ್ತು ಹಿತ್ತಲು, ಈ ಕಾರ್ತಿಕದಲ್ಲಿ ಒಂದು ದಿನ ಸುಮ್ಮನೆ ಎದ್ದು ಬಂದು ಗುದ್ದಲಿ ಹಿಡಿದಳು, ಅಲ್ಲಿಂದ ಅನ್ನ ಸೇರಿತು, ನಿದ್ದೆ ಬಂತು, ಅಗೋ ಮೂಲೆಯಲ್ಲಿ ನಾಲ್ಕು ಗುಣಿ ತೋಡಿ ಗೊಬ್ಬರ ತುಂಬಿಟ್ಟಿದ್ದಾಳೆ, ಸಂಕ್ರಾಂತಿ ಕಳೆದು ಚಳಿ ಮುರಿದ ಕೂಡಲೇ ಕುಂಬಳದ ಬೀಜ ಊರಬೇಕು, ಮಗಳು ಎತ್ತಿಟ್ಟು ಹೋದ ಬೀಜ, ಮೊಳಕೆ ಬರಲಿ, ಎರಡೆಲೆ ಬಿಡಲಿ, ಅಷ್ಟು ಸಾಕು, ಅಷ್ಟಕ್ಕಾಗಿಯೇ ಅಲ್ಲವೇ ಇಷ್ಟು ದಿನ ಜೀವ ಹಿಡಿದುಕೊಂಡಿದ್ದು, ಬೆರಳ ಸಂದಿಯಲ್ಲಿ ಏನೋ ಸಿಕ್ಕಿತು, ಇದ್ದಿಲ ಚೂರಿರಬೇಕು, ಇದ್ದಿಲಲ್ಲ, ಚಪ್ಪಟೆ, ಒಂದು ತುದಿ ಚೂಪು, ಉಬ್ಬಿ ಬಿರಿದಿದೆ, ಕಪ್ಪಗೆ, ಒತ್ತಿದರೆ ಪುಡಿ — ಕುಂಬಳದ ಬೀಜ.

ಬೂದಿಯಲ್ಲಿ ಕುಂಬಳದ ಬೀಜ ಏಕೆ ಬರಬೇಕು, ಅಡುಗೆಮನೆಯ ಸಿಪ್ಪೆ ಒಲೆಗೆ ಬಿದ್ದಿರಬಹುದು, ಈ ವಾರ ಕುಂಬಳಕಾಯಿ ತಂದೇ ಇಲ್ಲವಲ್ಲ, ಬಕೆಟ್ಟಿನೊಳಗೆ ಕೈ ಹಾಕಿದಳು, ಇನ್ನೊಂದು, ಮತ್ತೆ ಮೂರು, ಬಚ್ಚಲ ಹಿಂದಿನ ಕುಳ್ಳಿನ ಗುಡ್ಡೆಗೆ ಓಡಿದಳು — ತವರಿನಲ್ಲಿ, ಪರಶುರಾಂಪುರದಲ್ಲಿ, ಅವ್ವ ಹೀಗೇ ಮಾಡುತ್ತಿದ್ದಳು, ಬಲಿತ ಕಾಯಿಯ ಬೀಜವನ್ನು ಹಸಿ ಸಗಣಿಗೆ ಕಲಸಿ ಗೋಡೆಗೆ ತಟ್ಟಿಬಿಡುವುದು, ಹುಳ ಮುಟ್ಟುವುದಿಲ್ಲ, ಇಲಿ ಮೂಸುವುದಿಲ್ಲ, ಮುಂದಿನ ಬಿತ್ತನೆಗೆ ಕುಳ್ಳು ಮುರಿದು ಊರಿದರಾಯಿತು, ದೀಪಿಕಾ ಅಜ್ಜಿಯಿಂದ ಕಲಿತಿದ್ದಳು, ಬಚ್ಚಲ ಗೋಡೆಗೆ ಆರು ಕುಳ್ಳು ತಟ್ಟಿದ್ದಳು, ಎಡಗೈಲಿ ತಟ್ಟಬೇಡ ಕಣೇ ಬೀಜಾನ, ಬಲಗೈ ಏನಾಗೈತೆ ಎಂದು ತಾನು ಗದರಿದರೆ, ಎಡಗೈಯೂ ಕೈಯೇ ಅಲ್ಲೇನವ್ವ, ಬೀಜಕ್ಕೇನು ಗೊತ್ತಾಗ್ತತೆ ಸುಮ್ನಿರು, ಎಂದು ನಗುತ್ತ ಚಪ್ಪನೆ ಬಡಿದಳು, ಹಸಿ ಸಗಣಿಯಲ್ಲಿ ಬೆರಳು ಮೂಡಿತು, ಬಲಗೈಯವರು ತಟ್ಟಿದ ಕುಳ್ಳಿನಲ್ಲಿ ಹೆಬ್ಬೆರಳು ಎಡಕ್ಕಿರುತ್ತದೆ, ಇವಳದರಲ್ಲಿ ನಾಲ್ಕು ಬೆರಳು ಮೇಲಕ್ಕೆ, ಹೆಬ್ಬೆರಳು ಬಲಕ್ಕೆ. ಅವಳು ಹೋದ ಮೇಲೆ ದಿನಾ ಆ ಗೋಡೆಯ ಮುಂದೆ ನಿಂತು ಆ ಬೆರಳುಗಳ ಮೇಲೆ ತನ್ನ ಬೆರಳಿಡುವುದು, ಬಲಗೈ ಕೂರುವುದಿಲ್ಲ, ಎಡಗೈಯೇ ಇಡಬೇಕು, ಏನೇ ಅದು ಗೋಡೆ ತಡವ್ತೀಯ, ಫೋಟೋ ಐತಲ್ಲ ಒಳಗೆ ಎನ್ನುತ್ತಾರೆ ಗಂಡ, ಐತೆ, ಫೋಟೋದಾಗೆ ಮುಖ ಐತೆ ಕಣ್ರೀ, ಕೈ ಎಲ್ಲೈತೆ.

ಗುಡ್ಡೆಯ ಮೇಲೆ ಇಲ್ಲ, ಪಕ್ಕದಲ್ಲೂ ಇಲ್ಲ, ಗೋಡೆ ಬೆಳ್ಳಗಿದೆ, ಸುಣ್ಣ, ವರ್ಷದ ಪೂಜೆಗೆ ನೆಂಟರು ಬರುತ್ತಾರೆಂದು ಹೋದ ವಾರ ಗೋಡೆಗೆ ಸುಣ್ಣ ಹೊಡೆಸಿದ್ದು, ಆರೂ ಕುಳ್ಳನ್ನು ಒಂದೊಂದಾಗಿ, ಅಂಚು ಮುರಿಯದಂತೆ ಬಿಡಿಸಿದವಳು ತಾನೇ, ಬೇರೆಯವರ ಕೈಗೆ ಕೊಡಲಿಲ್ಲ, ಸದ್ಯಕ್ಕೆ ಇಲ್ಲಿರಲಿ, ಸಂಜೆ ಅಟ್ಟಕ್ಕೆ ಹಾಕಿದರಾಯಿತು ಎಂದು ಗುಡ್ಡೆಯ ಮೇಲಿಟ್ಟವಳೂ ತಾನೇ, ಸಂಜೆ ಚಿತ್ತಪ್ಪ ಮಾವನ ಮನೆಯವರು ಬಂದರು, ಮಾತು, ಅಳು, ಕಾಫಿ, ಮರೆತೇಹೋಯಿತು, ಆಮೇಲೆ ಚಳಿ ಹೆಚ್ಚಾಯಿತು, ಮೂರು ದಿನದಿಂದ ನಸುಕಿನಲ್ಲಿ ಎದ್ದು ಸೆರಗು ಹೊದ್ದು, ಕಣ್ಣು ಬಿಟ್ಟೂ ಬಿಡದೆ ಮೇಲಿಂದ ಎರಡೆರಡು ಕುಳ್ಳು ಎಳೆದು ಒಲೆಗೆ — ಮೂರು ದಿನ, ಎರಡೆರಡು, ಆರು, ಇವತ್ತು ಬೆಳಿಗ್ಗೆ ಹಾಕಿದ್ದೇ ಕೊನೆಯ ಎರಡು. ಒಲೆ ಚಟ್ ಚಟ್ ಎಂದು ಸಿಡಿದಿತ್ತು, ಏನೇ ಅದು, ಜೋಳ ಹುರ್ದಂಗೆ ಸದ್ದು, ತೇವ ಇರ್ಬೇಕು ಬಿಡ್ರಿ, ಎಂದಿದ್ದಳು, ಅಯ್ಯೋ, ಹುರಿದ ಬೀಜದ ಘಮ ಬಂದಿತ್ತು, ಅವ್ವ ಹಂಚಿನ ಮೇಲೆ ಹುರಿದು ಕೊಡುತ್ತಿದ್ದ ಕುಂಬಳದ ಬೀಜ ನೆನಪಾಗಿ ಬಾಯಲ್ಲಿ ನೀರೂರಿತ್ತು, ಥೂ, ನೀರೂರಿತ್ತು, ಒಲೆಯ ಮುಂದೆ ಕೈ ಚಾಚಿ ಹಾಯಾಗಿ ಚಳಿ ಕಾಯಿಸಿಕೊಂಡಿದ್ದಳು.

ಒಂದು ಬೀಜವಾದರೂ ಎಲ್ಲಾದರೂ ಇರಬಹುದೇ, ಇಲ್ಲ, ಪಕ್ಕದ ಮನೆಯ ಸೂರಮ್ಮ ಕಾರ್ತಿಕದಲ್ಲಿ ಬೇಲಿಯಾಚೆ ನಿಂತು ಕೇಳಿದ್ದಳು, ಅಕ್ಕಾ, ನಮ್ಗೂ ನಾಕು ಗುಮ್ಮಡಿ ಬೀಜ ಕೊಡಕ್ಕಾ, ನಿನ್ ಮಗಳೇ ಕೊಡ್ತೀನಿ ಅಂದಿದ್ಲು, ಕುಂಬಳಕ್ಕೆ ಗುಮ್ಮಡಿ ಎನ್ನುತ್ತಾಳೆ ಅವಳು, ಕೊಡಬಹುದಿತ್ತು, ಬೀಜ ಕೇಳಿದವರಿಗೆ ಇಲ್ಲವೆನ್ನಬಾರದೆಂದು ಅವ್ವ ಹೊಡೆದು ಕಲಿಸಿದ್ದಳು, ಆದರೆ ಕೊಡಬೇಕೆಂದರೆ ಕುಳ್ಳು ಮುರಿಯಬೇಕು, ಒಂದು ಕೈ ಮುರಿಯಬೇಕು, ಆಮೇಲೆ ನೋಡಾನ ಸೂರಮ್ಮ, ಎಂದು ಮುಖ ತಿರುಗಿಸಿದ್ದಳು, ಅಂದು ಒಂದು ಮುರಿದಿದ್ದರೆ ಇಂದು ಬೇಲಿಯಾಚೆ ನಾಲ್ಕು ಬೀಜವಾದರೂ ಇರುತ್ತಿತ್ತು. ಇನ್ನೇನು ಊರುವುದು ಆ ಗುಣಿಗಳಲ್ಲಿ, ಅಂಗಡೀಲಿ ಪಾಕೀಟು ಸಿಗ್ತತೆ ಬಿಡೇ ಎನ್ನುತ್ತಾರೆ ಅವರು, ಖಂಡಿತ ಹಾಗೇ ಎನ್ನುತ್ತಾರೆ, ಮಣ್ಣಿಗೆ ಹಾಕಬೇಕಾದ ಬೀಜವನ್ನು ಬೆಂಕಿಗೆ ಹಾಕಿದೆ, ಮಣ್ಣಿಗೆ ಹಾಕಬಾರದ ಮಗಳನ್ನು ಕೂರಿಸಿ, ವಿಭೂತಿ ಇಟ್ಟು, ಮಣ್ಣಿಗೆ ಹಾಕಿಬಂದೆವು, ಅಲ್ಲಿ ಯಾವ ಮಳೆಗೂ ಏನೂ ಏಳಲಿಲ್ಲ — ಬಚ್ಚಲಿಗೆ ಬಂದಳು, ಬಾಗಿಲು ಹಿಂದೆ ತಾನೇ ಮುಚ್ಚಿಕೊಂಡಿತು, ಒಳಗೆ ಕತ್ತಲು, ಒಲೆಯ ಬಾಯಿಗೆ ಬಗ್ಗಿದಳು, ಮುಂದಿನ ಬೂದಿಯನ್ನು ಆಗಲೇ ಬಳಿದು ಬಕೆಟ್ಟಿಗೆ ತುಂಬಿದ್ದಳು, ಹಿಂದೆ, ಹಂಡೆಯ ಅಡಿಯಲ್ಲಿ, ಕೈ ತಾಗದ ಕಡೆ, ಒಂದು ಕುಳ್ಳು ಉರಿದರೂ ಉದುರದೆ, ಹಾಗೇ ದುಂಡಗೆ, ಬಿಳೀ ಬೂದಿಯಾಗಿ ಕೂತಿದೆ, ಅದರ ಮೇಲೆ ಅವಳ ಕೈ. ಮುಟ್ಟಿದರೆ ಪುಡಿಯಾಗುತ್ತದೆ, ಸೆರಗಿನ ಗಾಳಿ ತಾಕಿದರೂ ಪುಡಿಯಾಗುತ್ತದೆ, ಎಡಗೈಯನ್ನು ಚಾಚಿದಳು, ಒಂದು ಗೇಣು ದೂರದಲ್ಲಿ ನಿಲ್ಲಿಸಿದಳು, ಏನೇ, ಬೂದಿ ತೆಗೆದಾತೇನು, ಸರಿ ಅತ್ತ, ನಾನೇ ಒಲೆ ಹಾಕ್ತೀನಿ — ಗಂಡನ ಚಪ್ಪಲಿಯ ಸದ್ದು ಬಚ್ಚಲ ಬಾಗಿಲಿಗೆ ಬಂತು, ಬಾಗಿಲು ತೆಗೆದರೆ ಗಾಳಿ ಬರುತ್ತದೆ, ಬೇಡ ಎನ್ನಬೇಕು, ಬೇಡ ಎಂದರೆ ಬಾಯಿಂದ ಉಸಿರು ಹೊರಡುತ್ತದೆ, ಉಸಿರು ಬಿಡಬಾರದು, ನಾಲ್ಕು ಬೆರಳು ಮೇಲಕ್ಕೆ, ಹೆಬ್ಬೆರಳು ಬಲಕ್ಕೆ, ಉಸಿರು ಬಿಡಬಾರದು, ನಾಲ್ಕು ಬೆರಳು ಮೇಲಕ್ಕೆ, ಹೆಬ್ಬೆರಳು —