ಕಾವು ಮರೆಸುವ ಬಟ್ಟೆ

ಪದ್ಮಿನಿ ನೇಯಿಸಿದ ಬಟ್ಟೆ ನೋಡುವುದಕ್ಕೆ ಅಂಥ ಚೆಂದವೇನಲ್ಲ. ಒಂದು ಕಡೆ ಬಂಡೆಯ ಬಣ್ಣ, ಒಂದು ಕಡೆ ಒಣಹುಲ್ಲಿನ ಬಣ್ಣ. ಕೊಳ್ಳೇಗಾಲದ ಮಗ್ಗವೊಂದರಲ್ಲಿ, ಸೀರೆಗೆ ಜರಿ ಹಾಕುವ ಹಾಗೆ ಲೋಹದ ಎಳೆ ಸೇರಿಸಿ, ಕೆಲವೆಡೆ ಒತ್ತಾಗಿ ಕೆಲವೆಡೆ ತೆಳುವಾಗಿ ನೇಯ್ದದ್ದು. ಸೇನೆಯ ಲಾರಿಗೆ ಅದನ್ನು ಹೊದಿಸಿದರೆ ಎಂಜಿನ್ನಿನ ಬಿಸಿ ಹೊರಗೆ ತೋರಬಾರದು. ಬಿಸಿಯನ್ನೇ ನೋಡುವ ಕ್ಯಾಮೆರಾದ ಕಣ್ಣಿಗೆ ಆ ಲಾರಿ ಪಕ್ಕದ ಕಲ್ಲುಮಣ್ಣಿನಷ್ಟೇ ಬೆಚ್ಚಗಿರುವಂತೆ ಕಾಣಬೇಕು. ಮೈಸೂರಿನ ಪುಟ್ಟ ಕಂಪನಿಯೊಂದರಲ್ಲಿ ಅವಳಿಗೆ ಇದೇ ಕೆಲಸ.

ಪರೀಕ್ಷೆಗೆ ಬಂಡಳ್ಳಿಯಾಚೆ, ಕಾಡಿನ ಅಂಚಿನ ಒಂದು ಬೀಳುಭೂಮಿ ಗೊತ್ತಾಯಿತು. ಹರಾಜಿನಲ್ಲಿ ಕೊಂಡ ಹಳೇ ಮಿಲಿಟರಿ ಲಾರಿಯೂ ಬಂತು. ಅದನ್ನು ಓಡಿಸುವವರು ಸಿಗಲಿಲ್ಲ.

"ನಾನೇ ಬತ್ತೀನಿ ಕಣವ್ವ," ಅಂದ ಅವಳಪ್ಪ ಮಂಟೇಸ್ವಾಮಿ. "ಅಂಥಾ ಗಾಡೀಲೇ ನನ್ನ ಅರ್ಧ ಆಯಸ್ಸು ಕಳ್ದದ."

ಸುಳ್ಳಲ್ಲ. ಪದ್ಮಿನಿ ಹೊನ್ನೂರಿನಲ್ಲಿ ಬೆಳೆಯುತ್ತಿದ್ದಷ್ಟು ಕಾಲವೂ ಅವನು ಗಡಿಯಲ್ಲಿ ಸೇನೆಯ ಲಾರಿ ಓಡಿಸುತ್ತಿದ್ದ. ರಜೆಗೆ ಬಂದರೆ ಅವಳು ಅವ್ವ ಶಿವಮ್ಮನ ಸೆರಗಿನ ಹಿಂದೆ ನಿಂತು, ಟ್ರಂಕು ಇಳಿಸುತ್ತಿರುವ ಆ ಮೀಸೆಯ ಮನುಷ್ಯನನ್ನು ಇಣುಕಿ ನೋಡುತ್ತಿದ್ದಳು. ಸಲಿಗೆ ಹತ್ತುವ ಹೊತ್ತಿಗೆ ರಜೆ ಮುಗಿದಿರುತ್ತಿತ್ತು. ಈಗ ಅವನು ಊರಲ್ಲೇ ಇದ್ದ, ಮಗಳೇ ಮೈಸೂರು ಸೇರಿದ್ದಳು. ಇಬ್ಬರೂ ಒಂದಿಡೀ ದಿನ ಜೊತೆಗಿದ್ದದ್ದು ಅಪರೂಪ.

ಅವತ್ತು ಇದ್ದರು. ಬಟ್ಟೆ ಲಾರಿಗೆ ತಾಗದಂತೆ ಬಿದಿರಿನ ಗಳು ಕಟ್ಟಿದರು. ಸಂಜೆ ಬಿಸಿಲು ಬಾಡುವ ಹೊತ್ತಿಗೆ ಮಂಟೇಸ್ವಾಮಿ ಎಂಜಿನ್ ಚೆನ್ನಾಗಿ ಕಾಯಿಸಿ, ಆರಿಸಿ, ಕಿಟಕಿಯ ಗಾಜು ಇಳಿಸಿಕೊಂಡು ಒಳಗೆ ಕುಳಿತ. ಮೇಲೆ ಬಟ್ಟೆ ಹೊದಿಸಿ ಬಂದ ಪದ್ಮಿನಿ, ದೂರದ ಬಂಡೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡಿದ್ದ ತನ್ನ ಮೇಲಧಿಕಾರಿ ಪ್ರಭುಸ್ವಾಮಿಯ ಪಕ್ಕ ಬಂದು ನಿಂತಳು.

ಪರದೆಯ ಮೇಲೆ ಬೇರೆಯೇ ಒಂದು ಲೋಕ ತೆರೆದುಕೊಂಡಿತ್ತು. ಅಲ್ಲಿ ಬಣ್ಣಗಳಿಲ್ಲ, ಬೆಚ್ಚಗಿದ್ದದ್ದು ಬೆಳಕು, ತಣ್ಣಗಿದ್ದದ್ದು ಕತ್ತಲು. ಬಂಡೆಗಳು ಹಗಲಿನ ಬಿಸಿಲನ್ನು ಇನ್ನೂ ಮೈಯಲ್ಲಿಟ್ಟುಕೊಂಡು ಮೆಲ್ಲಗೆ ಮಿನುಗುತ್ತಿದ್ದವು. ಮನೆಗೆ ಹೊರಟ ದನಗಳು ಹಾಲಿನ ಹನಿಗಳಂತೆ ತೇಲಿಹೋದವು. ಆದರೆ ಲಾರಿ ಇರಬೇಕಾದ ಕಡೆ ಬರೀ ಕುರುಚಲು, ಕಲ್ಲು, ಮಣ್ಣು.

"ಎಲ್ಲಮ್ಮಾ ಗಾಡಿ?" ಪ್ರಭುಸ್ವಾಮಿ ಮಗುವಿನಂತೆ ನಕ್ಕರು. "ಗೆದ್ದುಬಿಟ್ಟೆ ನೀನು!"

ಅವಳಿಗೂ ನಗು ಬಂತು. ಆಗಲೇ ಪರದೆಯ ಎಡಮೂಲೆಯಲ್ಲಿ ಒಂದು ದೊಡ್ಡ ಬೆಳಕು ಕಾಣಿಸಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅವುಗಳ ಕಾಲಡಿಯಲ್ಲಿ ತಡವರಿಸುತ್ತ ಒಂದು ಚಿಕ್ಕದು. ಬೆಳದಿಂಗಳೇ ಗಟ್ಟಿಯಾಗಿ ಕಾಲು ಮೂಡಿ ನಡೆದು ಬಂದ ಹಾಗಿತ್ತು. ಅವು ಆನೆಗಳೆಂದು ತಿಳಿಯಲು ಪದ್ಮಿನಿಗೆ ಕ್ಷಣ ಹಿಡಿಯಿತು.

ಅವಳ ಕೈಯಲ್ಲಿದ್ದ ವಾಕಿಟಾಕಿ ಕರಕರ ಎಂದಿತು. ಅಪ್ಪನ ಪಿಸುದನಿ. "ಆನೆಗೋಳು ಬಂದವೆ ಕಣವ್ವ. ನಾ ಇನ್ ಮಾತಾಡಕ್ಕಿಲ್ಲ. ಮಾದಪ್ಪ ಕಾಯ್ತಾನ, ಸುಮ್ನಿರು."

ಅಲ್ಲಿಗೆ ದನಿ ನಿಂತಿತು. ಅಲ್ಲಿ ಫೋನು ಸಿಗುತ್ತಿರಲಿಲ್ಲ. ಪ್ರಭುಸ್ವಾಮಿ ಅರಣ್ಯ ಇಲಾಖೆಯವರನ್ನು ಕರೆತರಲು ಜೀಪು ಹತ್ತಿ ಹೊರಟರು. ಪದ್ಮಿನಿ ಅಲುಗಾಡದೆ ಪರದೆ ನೋಡುತ್ತ ಕುಳಿತಳು. ಆನೆಗಳು ಆ ಖಾಲಿ ಜಾಗದ ಸುತ್ತ ಬಂದು ನಿಂತವು. ಅಲ್ಲಿ ಏನೋ ಇದೆ ಅನ್ನುವುದು ಅವಕ್ಕೆ ವಾಸನೆಯಲ್ಲೇ ತಿಳಿದಿತ್ತು. ಅವಳಿಗೆ ಏನೂ ಕಾಣುತ್ತಿರಲಿಲ್ಲ. ಅಪ್ಪ ಉಸಿರು ಬಿಗಿಹಿಡಿದಿದ್ದಾನೋ, ಬಾಗಿಲು ತೆಗೆದು ಇಳಿಯುತ್ತಿದ್ದಾನೋ ಗೊತ್ತಾಗುವಂತಿರಲಿಲ್ಲ. ಒಂದು ಎಳೆ ಬಿಸಿಯೂ ಸೋರದಂತೆ ಅವಳೇ ನೋಡಿಕೊಂಡಿದ್ದಳು. 'ಎಲ್ಲಾದರೂ ಒಂದು ತೂತು ಬಿಟ್ಟಿರಬಾರದಿತ್ತೇ' ಅಂತ ಮೊದಲ ಸಲ ಅನ್ನಿಸಿತು.

ಗುಂಪಿನ ಹಿರಿಯ ಹೆಣ್ಣಾನೆ ಸೊಂಡಿಲು ಚಾಚಿತು. ಬಟ್ಟೆಯ ಅಂಚಿನೊಳಗೆ ತೂರಿದ ಸೊಂಡಿಲು ಪರದೆಯಲ್ಲಿ ಅರ್ಧಕ್ಕೇ ಕರಗಿಹೋಯಿತು. ಆಮೇಲೆ ಅದು ಮೆಲ್ಲಗೆ, ಮಲಗಿದವರ ಕಂಬಳಿ ಎಳೆಯುವ ಹಾಗೆ, ಬಟ್ಟೆಯನ್ನು ಎಳೆಯಿತು. ಗಳುಗಳು ಮುರಿದು ಬಿದ್ದವು. ಲಾರಿಯ ಮೂತಿ ಧಗ್ಗನೆ ಬೆಳಗಿತು. ಕಿಟಕಿಯಲ್ಲಿ ಇನ್ನೊಂದು ಸಣ್ಣ ಬೆಳಕು, ತಲೆ, ಹೆಗಲು, ಸ್ಟೇರಿಂಗ್ ಮೇಲಿಟ್ಟ ಕೈ.

ಅಪ್ಪ ಕುಳಿತೇ ಇದ್ದ.

ಸೊಂಡಿಲು ಕಿಟಕಿಗೆ ಬಂತು. ಅವನ ಹೆಗಲನ್ನು ಮೂಸಿ ಒಮ್ಮೆ ಉಸಿರು ಬಿಟ್ಟಿತು. ಉಸಿರು ತಾಗಿದ ಕಡೆ ಅಂಗಿ ಅರಳಿದಂತೆ ಬೆಳಗಿ, ಮತ್ತೆ ಮಂಕಾಯಿತು. ಅಷ್ಟೇ. ಆನೆ ಬಟ್ಟೆಯನ್ನು ಬೆನ್ನ ಮೇಲೆ ಎಸೆದುಕೊಂಡು ತಿರುಗಿತು. ಪರದೆಯಲ್ಲಿ ಅರ್ಧ ಆನೆ ಇತ್ತು, ಅರ್ಧ ಇರಲಿಲ್ಲ. ಬರೀ ನಾಲ್ಕು ಕಾಲು, ಒಂದು ತಲೆ ಕಾಡಿನ ಕಡೆ ನಡೆದವು. ನೆಲದಲ್ಲಿ ಎಳೆಯುತ್ತಿದ್ದ ಅಂಚಿನೊಳಕ್ಕೆ ಮರಿ ನುಗ್ಗುತ್ತಿತ್ತು, ಮಾಯವಾಗುತ್ತಿತ್ತು, ಹೊರಬರುತ್ತಿತ್ತು. ಭಯದ ನಡುವೆಯೂ ಪದ್ಮಿನಿಗೆ ಕಣ್ಣು ಕೀಳಲಾಗಲಿಲ್ಲ.

ಗುಂಪು ಮರೆಯಾದ ಮೇಲೆ ಆ ಸಣ್ಣ ಬೆಳಕು ಲಾರಿಯಿಂದ ಇಳಿದು ಅವಳ ಕಡೆ ನಡೆಯತೊಡಗಿತು. ಅವಳು ಪರದೆ ಬಿಟ್ಟು ಓಡಿದಳು.

"ಎದ್ರುಕಂಡ್ಯಾ ಮಗಾ?" ಅಪ್ಪನ ಅಂಗಿ ಬೆವರಿನಿಂದ ಮೈಗಂಟಿತ್ತು. ಹೆಗಲ ಮೇಲೆ ಆನೆಯ ಸಿಂಬಳ.

"ನೀನು ಕಾಣ್ತಿರಲಿಲ್ಲ, ಅಪ್ಪ," ಅಂದಳು.

ಅವನು ಅವಳ ತಲೆ ನೇವರಿಸಿದ. "ಅಲ್ಲಿ ಗಡೀಲಿ, ಮರಳಲ್ಲಿ, ಬಲೆ ಹೊದ್ಕಂಡು ಹಗಲೆಲ್ಲ ಕುಂತಿರ್ತಿದ್ವಿ. ಯಾರಾರ ನೋಡ್ಬುಟ್ಟಾರು ಅಂತ ಜೀವ ಕೈಲಿಡ್ಕಂಡು. ಇವತ್ತು ಒಳ್ಗ ಕುಂತು, ನನ್ ಮಗಳು ನೋಡ್ಲಿ, ನೋಡ್ಲಿ ಅಂತಿತ್ತು ಮನಸು."

ಇಲಾಖೆಯವರಿಗೆ ಬಟ್ಟೆ ಮರುದಿನ ಕೆರೆಯೊಂದರ ಹತ್ತಿರ ಸಿಕ್ಕಿತು, ಕೆಸರಾಗಿ, ನಾಲ್ಕೈದು ಚೂರಾಗಿ. ಪರೀಕ್ಷೆ ಗೆದ್ದಿತ್ತಾದ್ದರಿಂದ ಕೊಳ್ಳೇಗಾಲದಲ್ಲಿ ಇನ್ನೊಂದು ನೇಯಿಸಿದರು. ಆದರೆ ಈ ಸಲ ಪದ್ಮಿನಿ ಎರಡು ಹಟ ಹಿಡಿದಳು. ಜಾಗ ಕಾಡಿನಿಂದ ದೂರ ಇರಬೇಕು. ಕ್ಯಾಮೆರಾದ ಹತ್ತಿರ ತಾನು ನಿಲ್ಲುವುದಿಲ್ಲ, ಲಾರಿಯಲ್ಲಿ ಕೂರುತ್ತೇನೆ.

"ನಿನ್ನಿಷ್ಟ," ಅಂದರು ಪ್ರಭುಸ್ವಾಮಿ.

ಯಳಂದೂರಿನಾಚೆಯ ಒಂದು ಪಾಳು ಕಲ್ಲುಕ್ವಾರಿಯಲ್ಲಿ, ಬೆಳಗಿನ ಹೊತ್ತು, ಅಪ್ಪ ಮಗಳು ಬಟ್ಟೆಯಡಿ ಕುಳಿತರು. ಎಳೆಗಳ ಸಂದಿನಿಂದ ಬಿಸಿಲು ಹೊಂಬಣ್ಣದ ಧೂಳಾಗಿ ಇಳಿಯುತ್ತಿತ್ತು. ಶಿವಮ್ಮ ಕಟ್ಟಿಕೊಟ್ಟ ಬುತ್ತಿ ಇಬ್ಬರ ನಡುವೆ ಬೆಚ್ಚಗಿತ್ತು.

"ಕಾಣ್ತಿಲ್ಲ, ಏನೂ ಕಾಣ್ತಿಲ್ಲ," ಅಂತ ವಾಕಿಟಾಕಿಯಲ್ಲಿ ಪ್ರಭುಸ್ವಾಮಿ ಕೂಗುತ್ತಿದ್ದರು.

ಪದ್ಮಿನಿ ಅದರ ಸದ್ದು ಸಣ್ಣದು ಮಾಡಿದಳು. "ಮರಳಲ್ಲಿ ಹಗಲೆಲ್ಲ ಕೂತು ಏನ್ ಮಾಡ್ತಿದ್ದೆ, ಅಪ್ಪ?"

ಮಂಟೇಸ್ವಾಮಿ ಸೀಟಿಗೆ ಒರಗಿ, ಕಾಲು ಚಾಚಿ, ಬುತ್ತಿಯ ಗಂಟು ಬಿಚ್ಚಿದ. ಆಮೇಲೆ ಹೇಳತೊಡಗಿದ.